ದೀಪದ ಮುಂದೆ ಕತ್ತಲೆ

“ನಿಮ್ನ ದರ್ಪಣದ ಒಂದು ಉಪಯೋಗವನ್ನು ಬರೆಯಿರಿ.”

ನನ್ನ ತರಗತಿಯಲ್ಲಿ ಕುಳಿತು ವಿಜ್ಞಾನ ಕಲಿತವರು ಈ ಪ್ರಶ್ನೆಯನ್ನು ಮರೆತಿರಲಾರರು. ಅದು ಒಂದು ಅಂಕದ ಪ್ರಶ್ನೆ. ಉತ್ತರವೂ ಒಂದೇ ವಾಕ್ಯ: “ವಾಹನಗಳ ಮುಂದೀಪಗಳಲ್ಲಿ ಬಳಸುತ್ತಾರೆ.” ಪ್ರತಿ ವರ್ಷವೂ ಪರೀಕ್ಷೆ ಹತ್ತಿರ ಬಂದಾಗ ಈ ವಾಕ್ಯವನ್ನು ನಿಮ್ಮಿಂದ ಗಟ್ಟಿಯಾಗಿ ಹೇಳಿಸುತ್ತಿದ್ದೆ. ಹಿಂದಿನ ಬೆಂಚಿನವರೂ ಇದೊಂದನ್ನು ತಪ್ಪದೆ ಬರೆದು ಒಂದು ಅಂಕ ಗಳಿಸುತ್ತಿದ್ದರು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹೀಗೆ ನಡೆಯಿತು. ಆ ಒಂದು ವಾಕ್ಯದಿಂದ ನಾನು ಎಷ್ಟು ಮುಖ್ಯವಾದ ಸಂಗತಿಯನ್ನು ಬಿಟ್ಟಿದ್ದೆ ಎಂಬುದು ತಿಳಿದದ್ದು ನಿವೃತ್ತನಾದ ಮೇಲೆ, 2022ರ ಡಿಸೆಂಬರ್ ತಿಂಗಳ ಒಂದು ರಾತ್ರಿ, ನಡುರಸ್ತೆಯಲ್ಲಿ. ಆ ರಾತ್ರಿಯ ಸಂಗತಿಯನ್ನು ಬಹಳ ದಿನಗಳಿಂದ ಬರೆಯಬೇಕೆಂದಿದ್ದೆ. ನನ್ನ ತಪ್ಪೂ ಅದರಲ್ಲಿ ಇರುವುದರಿಂದ ಮುಂದೂಡುತ್ತಲೇ ಬಂದೆ.

ಮುಧೋಳದಲ್ಲಿ ಒಬ್ಬ ಹಳೆಯ ವಿದ್ಯಾರ್ಥಿಯ ಮನೆಯ ಗೃಹಪ್ರವೇಶವಿತ್ತು. ಹೋಳಿಗೆಯ ಊಟ ಮುಗಿಸಿ, ಮಾತಿಗೆ ಮಾತು ಬೆಳೆದು, ನಾನೂ ನನ್ನ ಶ್ರೀಮತಿಯೂ ಗಲಗಲಿಯ ಕಡೆಗೆ ಹೊರಟಾಗ ರಾತ್ರಿ ಎಂಟೂವರೆ ದಾಟಿತ್ತು. “ಇಲ್ಲೇ ಇದ್ದು ಮುಂಜಾನೆ ಹೋಗ್ರಿ ಸರ” ಎಂದು ಮನೆಯವರು ಒತ್ತಾಯಿಸಿದರು. ಹುಟ್ಟಿದಂದಿನಿಂದ ಓಡಾಡಿದ ದಾರಿ, ನಮ್ಮದೇ ಸಣ್ಣ ಕಾರು, ಚಿಂತೆ ಏಕೆಂದು ನಾನು ಕೇಳಲಿಲ್ಲ. ‘ಇರುಳು ಕಂಡ ಬಾವಿಯಲ್ಲಿ ಹಗಲು ಬಿದ್ದಂತೆ’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹಗಲು ಕಂಡ ದಾರಿಯಲ್ಲಿ ಇರುಳು ಬೀಳುವವರೂ ಇದ್ದಾರೆಂಬುದು ಆಗ ನೆನಪಾಗಲಿಲ್ಲ.

ದೂರದ ಊರುಗಳಲ್ಲಿರುವ ನಿಮ್ಮಲ್ಲಿ ಕೆಲವರಿಗೆ ನಮ್ಮ ಭಾಗದ ಡಿಸೆಂಬರ್ ಹೇಗಿರುತ್ತದೆಂಬುದು ಮಸುಕಾಗಿರಬಹುದು. ನಾನು ಹುಡುಗನಾಗಿದ್ದಾಗ ಈ ಕಾಲದಲ್ಲಿ ಹೊಲದ ತುಂಬ ಬಿಳಿಜೋಳ ನಿಂತಿರುತ್ತಿತ್ತು. ಈಗ ಕೃಷ್ಣೆ ಘಟಪ್ರಭೆಯರ ನೀರು ಹರಿದಲ್ಲೆಲ್ಲ ಕಬ್ಬು. ಅಕ್ಟೋಬರ್ ನವೆಂಬರಿನಲ್ಲಿ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದರೆ ಫೆಬ್ರುವರಿ ಮಾರ್ಚ್‌ವರೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳಿಗೆ ಹಗಲು ರಾತ್ರಿಯ ಭೇದವಿಲ್ಲ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರುಗಳು. ಅವುಗಳ ಮೇಲೆ ಎರಡಾಳೆತ್ತರಕ್ಕೆ ಒಟ್ಟಿದ ಕಬ್ಬು. ಎರಡೂ ಬದಿಗೆ ಮೊಳದುದ್ದ ಚಾಚಿದ ಕಬ್ಬಿನ ತುದಿಗಳು. ಹಿಂದೆ ಕೆಂಪು ದೀಪವಿದ್ದರೂ ಜೋತುಬಿದ್ದ ಸೋಗೆ ಅದನ್ನು ಮುಚ್ಚಿರುತ್ತದೆ. ಕಟಾವಾದ ಹೊಲಗಳಲ್ಲಿ ರವದಿಗೆ ಬೆಂಕಿ ಹಚ್ಚಿದ ಹೊಗೆ ಇಬ್ಬನಿಯೊಂದಿಗೆ ಬೆರೆತು ರಸ್ತೆಯ ಮೇಲೆ ಮಲಗಿರುತ್ತದೆ. ಆ ರಾತ್ರಿಯೂ ಹಾಗೆಯೇ ಇತ್ತು.

ಅರ್ಧ ದಾರಿ ಕ್ರಮಿಸಿರಬಹುದು. ಎದುರಿನಿಂದ ಒಂದು ಟ್ರ್ಯಾಕ್ಟರು ಬಂದಿತು. ಎರಡು ಮುಂದೀಪಗಳಲ್ಲದೆ ಮೇಲಿನ ಚಾವಣಿಗೂ ಬಿಳಿಯ ಎಲ್‌ಇಡಿ ದೀಪಗಳ ಸಾಲು ಕಟ್ಟಿದ್ದರು. ನಾನು ಡಿಪ್ಪರ್ ಹೊಡೆದೆ. ಅವನು ಬೆಳಕು ತಗ್ಗಿಸಲಿಲ್ಲ. ಎರಡನೆಯ ಸಲ ಹೊಡೆದೆ. ಅದಕ್ಕೂ ಉತ್ತರವಿಲ್ಲ. ಆಗ ನಾನು ಮಾಡಿದ ಕೆಲಸವನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ‘ನಿನಗೂ ತಿಳಿಯಲಿ’ ಎಂಬ ಹಟದಿಂದ ನನ್ನ ಕಾರಿನ ದೀಪವನ್ನು ಎತ್ತರಕ್ಕೆ ಹಾಕಿ ಹಾಗೆಯೇ ಬಿಟ್ಟೆ. ಜೀವಮಾನವೆಲ್ಲ ಮಕ್ಕಳಿಗೆ ಸಹನೆ ಬೋಧಿಸಿದವನು, ಅರವತ್ತು ದಾಟಿದವನು, ಬೆಳಕಿನಿಂದ ಜಗಳಕ್ಕೆ ನಿಂತಿದ್ದೆ.

ಟ್ರ್ಯಾಕ್ಟರು ಸಮೀಪಿಸಿದಂತೆ ರಸ್ತೆಯೇ ಇಲ್ಲವಾಯಿತು. ಗಾಜಿನ ತುಂಬ ಬೂದುಬಿಳಿಯ ಪರದೆ, ಅದರಾಚೆ ಏನೂ ಇಲ್ಲ. ಅದು ನನ್ನ ಪಕ್ಕದಿಂದ ಗುಡುಗುತ್ತ ಹಾದುಹೋದ ಮರುಕ್ಷಣ ಎಲ್ಲವೂ ಕಡುಗಪ್ಪು. ಬ್ರೇಕಿನ ಮೇಲೆ ಕಾಲಿಟ್ಟಿದ್ದೆ, ಆದರೆ ಬಲವಾಗಿ ಒತ್ತಿರಲಿಲ್ಲ. ರಸ್ತೆ ನನಗೆ ಗೊತ್ತಿದೆಯೆಂಬ ಭರವಸೆ.

“ನಿಂದ್ರಸ್ರೀ!” ಎಂದು ಶ್ರೀಮತಿ ಚೀರಿದಳು.

ಕಾರು ನಿಂತಾಗ ಅದರ ಮೂತಿಯಿಂದ ಎರಡು ಮಾರು ದೂರದಲ್ಲಿ ಕಬ್ಬಿನ ಗೋಡೆಯೊಂದು ನಿಂತಿತ್ತು. ಗಾಲಿ ಪಂಕ್ಚರಾಗಿ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ್ದ ಒಂಟಿ ಟ್ರೇಲರು. ಟ್ರ್ಯಾಕ್ಟರನ್ನು ಬಿಚ್ಚಿಕೊಂಡು ಗಾಲಿ ತರಲು ಹೋಗಿದ್ದರು. ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ; ನಾಲ್ಕು ಕಲ್ಲು, ಒಂದಿಷ್ಟು ಬೇವಿನ ತಪ್ಪಲು. ಗಾಲಿಯ ಹತ್ತಿರ ಕುಳಿತಿದ್ದ ಒಬ್ಬ ಮನುಷ್ಯ ಎದ್ದು ನಿಂತು ನಮ್ಮನ್ನೇ ನೋಡುತ್ತಿದ್ದ. ಅವನ ಕೈಯಲ್ಲಿ ಮೊಬೈಲಿನ ಸಣ್ಣ ದೀಪ ಇನ್ನೂ ಉರಿಯುತ್ತಿತ್ತು.

ನಾನು ಇಳಿದೆ. ಕಾಲು ನಡುಗುತ್ತಿದ್ದವು. ಅವನು ಹತ್ತಿರ ಬಂದು, “ಸರ, ನೀವೇನ್ರಿ!” ಎಂದ. ನಮ್ಮ ಭಾಗದಲ್ಲಿ ಯಾವ ರಸ್ತೆಯಲ್ಲಿ ನಿಂತರೂ ಒಬ್ಬ ವಿದ್ಯಾರ್ಥಿ ಸಿಕ್ಕೇ ಸಿಗುತ್ತಾನೆ. ಅದು ಶಿಕ್ಷಕನಾದವನ ಭಾಗ್ಯವೆಂದು ಎಷ್ಟೋ ಕಡೆ ಹೇಳಿಕೊಂಡು ಹಿಗ್ಗಿದ್ದೇನೆ. ಆ ರಾತ್ರಿ ಆ ಭಾಗ್ಯಕ್ಕೆ ಇನ್ನೊಂದು ಮುಖ ಕಂಡಿತು. ಇನ್ನೊಂದು ಕ್ಷಣ ತಡವಾಗಿದ್ದರೆ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನೆದುರು ಕುಳಿತು ಅಕ್ಷರ ತಿದ್ದಿದ ಒಬ್ಬನನ್ನು ನನ್ನ ಕೈಯಾರೆ ಕಳೆಯುತ್ತಿದ್ದೆ.

ಅವನು ಬಯ್ಯಲಿಲ್ಲ. ಒಂದೇ ಮಾತು ಕೇಳಿದ: “ನಾ ಬ್ಯಾಟರಿ ಆಡಿಸಿದ್ನಿರಿ ಸರ. ನಿಮಗ ಕಾಣ್ಸಲಿಲ್ಲೇನ್ರಿ?”

ಕಾಣಿಸಿರಲಿಲ್ಲ. ಎದುರಿನವನ ಬೆಳಕಿನ ನಡುವೆ ಒಬ್ಬ ಮನುಷ್ಯ ಕೈಯೆತ್ತಿ, ನಾನಿಲ್ಲಿದ್ದೇನೆಂದು ದೀಪ ಬೀಸುತ್ತಿದ್ದ. ಆ ದೀಪ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ದೀಪದ ಬುಡದಲ್ಲಿ ಕತ್ತಲೆಯೆಂದು ಹಿರಿಯರು ಹೇಳಿದ್ದಾರೆ. ಕಣ್ಣು ಕುಕ್ಕುವ ದೀಪದ ಎದುರಿಗೂ ಕತ್ತಲೆಯೇ.

ಮನೆಗೆ ಬಂದ ಮೇಲೆ ನಿದ್ರೆ ಬರಲಿಲ್ಲ. ವಿಜ್ಞಾನದ ಶಿಕ್ಷಕನ ಚಟವೆನ್ನಿ, ಆ ಕೆಲವು ಕ್ಷಣಗಳಲ್ಲಿ ಏನಾಯಿತೆಂದು ಲೆಕ್ಕ ಹಾಕುತ್ತ ಕುಳಿತೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮೂರು ಸೆಕೆಂಡು ಕಣ್ಣು ಕಾಣದಿದ್ದರೆ ವಾಹನವು 50 ಮೀಟರ್ ದೂರವನ್ನು ಕುರುಡಾಗಿಯೇ ಕ್ರಮಿಸುತ್ತದೆ. ನಮ್ಮ ಶಾಲೆಯ ಮೈದಾನದಲ್ಲಿ ಎಳೆಯುತ್ತಿದ್ದ ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂಥ ಅಂಕಣಗಳನ್ನು ಒಂದರ ಮುಂದೊಂದು ಹಾಕಿದರೆ ಹೆಚ್ಚುಕಡಿಮೆ ನಾಲ್ಕು ಅಂಕಣಗಳಷ್ಟು ದೂರವಾಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾಲ್ಕು ಅಂಕಣ ಓಡಿರೆಂದರೆ ನಿಮ್ಮಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಒಂದು ಟನ್ ತೂಕದ ಕಬ್ಬಿಣದೊಳಗೆ ಕುಳಿತು ಅದನ್ನೇ ನಾವು ದಿನವೂ ಮಾಡುತ್ತೇವೆ.

ಕಣ್ಣಿನೊಳಗೆ ಆಗುವುದು ಎರಡು ಬಗೆಯ ತೊಂದರೆ. ಮೊದಲನೆಯದು ಬೆಳಕು ಎದುರಿಗಿರುವಾಗಲೇ ಆಗುವಂಥದ್ದು. ತೀಕ್ಷ್ಣವಾದ ಬೆಳಕು ಕಣ್ಣಿನ ಮಸೂರವನ್ನೂ ಒಳಗಿನ ದ್ರವವನ್ನೂ ಹಾದುಹೋಗುವಾಗ ಸ್ವಲ್ಪ ಭಾಗ ಚದುರಿ ಅಕ್ಷಿಪಟಲದ ಮೇಲೆ ತೆಳುವಾದ ಪರದೆಯಂತೆ ಹರಡುತ್ತದೆ. ಮಸುಕಾದ ವಸ್ತುಗಳು ಆ ಪರದೆಯ ಹಿಂದೆ ಮರೆಯಾಗುತ್ತವೆ. ಧೂಳು ಹಿಡಿದ ಗಾಜು, ಗೀರು ಬಿದ್ದ ಹೆಲ್ಮೆಟ್ಟಿನ ಮುಖಗವಸು, ಒರೆಸದ ಕನ್ನಡಕ ಇವೆಲ್ಲ ಆ ಪರದೆಯನ್ನು ಇನ್ನೂ ದಪ್ಪಗೊಳಿಸುತ್ತವೆ. ಎರಡನೆಯದು ಬೆಳಕು ಹಾದುಹೋದ ಮೇಲೆ ಆಗುವಂಥದ್ದು. ಮಬ್ಬುಗತ್ತಲೆಯಲ್ಲಿ ನಮಗೆ ನೆರವಾಗುವ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆಯೆಂದು ನಿಮಗೆ ಪಾಠ ಮಾಡಿದ್ದೆ. ಪ್ರಖರ ಬೆಳಕು ಬಿದ್ದರೆ ಅದು ಒಡೆಯುತ್ತದೆ, ಮತ್ತೆ ಕೂಡಿಕೊಳ್ಳಲು ಸಮಯ ಬೇಕು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ. ಮ್ಯಾಟಿನಿ ಆಟಕ್ಕೆ ತಡವಾಗಿ ಹೋಗಿ, ಕುರ್ಚಿ ಕಾಣದೆ ಯಾರದೋ ತೊಡೆಯ ಮೇಲೆ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆಯಲ್ಲಿ ಅಷ್ಟು ಹೊತ್ತು ಬೇಡ, ಕೆಲವೇ ಸೆಕೆಂಡುಗಳಲ್ಲಿ ದಾರಿ ಮತ್ತೆ ಕಾಣತೊಡಗುತ್ತದೆ. ಆದರೆ ಟ್ರೇಲರು ನಿಂತಿರುವುದು ಆ ಕೆಲವೇ ಸೆಕೆಂಡುಗಳ ಒಳಗೆ.

ಇದಕ್ಕೆ ವಯಸ್ಸನ್ನೂ ಸೇರಿಸಿಕೊಳ್ಳಬೇಕು. ಪ್ರಾಯ ಕಳೆದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ, ಮಸೂರವೂ ಹಳದಿಗಟ್ಟುತ್ತದೆ. ಇಪ್ಪತ್ತರ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲಷ್ಟೇ ಅರವತ್ತರ ಕಣ್ಣಿನ ಅಕ್ಷಿಪಟಲವನ್ನು ತಲುಪುತ್ತದೆ. ಕುಕ್ಕಿದ ಕಣ್ಣು ಚೇತರಿಸಿಕೊಳ್ಳಲೂ ಹೆಚ್ಚು ಹೊತ್ತು ಬೇಕು. ನನ್ನ ಸಂಗತಿಯಲ್ಲಿ ಇನ್ನೂ ಒಂದು ಕಾರಣವಿತ್ತು. ಆ ಘಟನೆಯಾದ ಎರಡು ತಿಂಗಳಿಗೆ ಕಣ್ಣು ತೋರಿಸಲು ಹೋದಾಗ ವೈದ್ಯರು, “ರಾತ್ರಿ ದೀಪದ ಸುತ್ತ ಬಳೆಯಂತೆ ಬೆಳಕು ಕಾಣಿಸುತ್ತದೆಯೇ?” ಎಂದು ಕೇಳಿದರು. ಎಷ್ಟೋ ತಿಂಗಳಿಂದ ಕಾಣಿಸುತ್ತಿತ್ತು, ಇಬ್ಬನಿಯದೆಂದು ತಿಳಿದಿದ್ದೆ. ಅದು ಮೋತಿಬಿಂದು. ಎರಡೂ ಕಣ್ಣುಗಳಿಗೆ ಪೊರೆ ಬರುತ್ತಿರುವಾಗ ನಾನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾತ್ರಿ ಕಾರು ಓಡಿಸುತ್ತಿದ್ದೆ. ಆದ್ದರಿಂದ ಎದುರಿನವನನ್ನು ಬಯ್ಯುವ ಮೊದಲು ನನ್ನ ಕಣ್ಣಿನ ಲೆಕ್ಕವನ್ನೂ ಒಪ್ಪಿಸಬೇಕು. ಅರವತ್ತರ ಆಸುಪಾಸಿನ ನನ್ನ ಬಂಧುಗಳು ಈ ಒಂದು ಪ್ಯಾರಾವನ್ನಾದರೂ ಎರಡು ಸಲ ಓದಲಿ.

ಮರುದಿನ ಮುಂಜಾನೆ ಆ ವಿದ್ಯಾರ್ಥಿ ಮನೆಗೆ ಬಂದ. ಅವನ ಹೆಸರು ಬೇಡ. ನನ್ನ ಆರೋಗ್ಯ ವಿಚಾರಿಸಲೆಂದೇ ಬಂದಿದ್ದ. ಚಹಾ ಕುಡಿಯುತ್ತ ಮಾತಿಗೆ ಕುಳಿತಾಗ ಅವನೂ ಹಂಗಾಮಿನುದ್ದಕ್ಕೂ ಟ್ರ್ಯಾಕ್ಟರು ಓಡಿಸುತ್ತಾನೆಂದು ತಿಳಿಯಿತು. ಚಾವಣಿಯ ಮೇಲೆ ಬಿಳಿ ದೀಪದ ಸಾಲು ಅವನದಕ್ಕೂ ಉಂಟು. ನನಗೆ ತಡೆಯಲಾಗಲಿಲ್ಲ. “ನೀನೂ ಡಿಮ್ ಮಾಡೂದಿಲ್ಲೇನಪಾ?” ಎಂದೆ.

ಅವನು ಸ್ವಲ್ಪ ಹೊತ್ತು ನೆಲ ನೋಡಿ ಉತ್ತರಿಸಿದ: “ಸುಳ್ಳ ಯಾಕ ಹೇಳ್ಲಿ ಸರ, ಮಾಡೂದಿಲ್ರಿ. ಡಿಮ್ ಮಾಡಿದ್ರ ಮುಂದಿನ ತೆಗ್ಗು ಕಾಣೂದಿಲ್ಲ. ಹಿಂದ ಎರಡು ಟ್ರೇಲರ್ ಲೋಡ್ ಇರತೈತ್ರಿ. ಒಂದ್ ಗಾಲಿ ತೆಗ್ಗಿನ್ಯಾಗ ಇಳೀತಂದ್ರ ಎಲ್ಲಾ ಪಲ್ಟಿ. ಮ್ಯಾಲಿನ ಲೈಟಿಗೆ ಡಿಪ್ಪರ್ ಇಲ್ಲ, ಬ್ಯಾಟರಿಯಿಂದ ಸೀದಾ ವಾಯರ್ ಕೊಟ್ಟಾರ. ಮತ್ತ ನಾ ಒಬ್ಬಾಂವ ಡಿಮ್ ಮಾಡಿ ಏನ್ ಮಾಡ್ಲಿರಿ? ಎದುರಿನಾಂವ ಮಾಡೂದಿಲ್ಲ.”

ಅಲ್ಲಿಯವರೆಗೆ ಅದನ್ನು ನಾನು ಬರಿಯ ಉದ್ಧಟತನವೆಂದು ತಿಳಿದಿದ್ದೆ. ಅವನ ಮಾತಿನಲ್ಲಿ ಉದ್ಧಟತನ ಇರಲಿಲ್ಲ, ಭಯವಿತ್ತು. ಅವನಿಗೂ ಕತ್ತಲೆಯ ಭಯ, ತಗ್ಗಿನ ಭಯ, ಸಾಲ ಮಾಡಿ ಕೊಂಡ ಟ್ರ್ಯಾಕ್ಟರು ಉರುಳುವ ಭಯ. ತನ್ನ ಭಯಕ್ಕೆ ಮದ್ದೆಂದು ಹೆಚ್ಚು ಬೆಳಕು ಕಟ್ಟಿಕೊಂಡಿದ್ದಾನೆ. ಅವನ ಬೆಳಕಿಗೆ ಹೆದರಿ ಇನ್ನೊಬ್ಬ ಅದಕ್ಕಿಂತ ದೊಡ್ಡದನ್ನು ಕಟ್ಟುತ್ತಾನೆ. ಹೀಗೆ ಪ್ರತಿ ಹಂಗಾಮಿಗೂ ರಸ್ತೆಯಲ್ಲಿ ಬೆಳಕು ಹೆಚ್ಚುತ್ತದೆ, ಕಾಣುವುದು ಕಡಿಮೆಯಾಗುತ್ತದೆ.

ನಾನು ಕೇಳಿದೆ: “ಎದುರಿನಾಂವ ಕುರುಡ ಆದ ಅಂತ ತಿಳಿ. ಅವನ ಗಾಡಿ ಯಾರ ಮ್ಯಾಲ ಬರತೈತಿ?”

ಅವನು ಲೋಟ ಕೆಳಗಿಟ್ಟ. “ನನ್ನ ಮ್ಯಾಲ ರೀ” ಎಂದ.

ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ. ದೀಪ ತಗ್ಗಿಸುವುದನ್ನು ನಾವು ಸೌಜನ್ಯವೆಂದು ತಿಳಿದಿದ್ದೇವೆ. ಅದಕ್ಕಾಗಿಯೇ ‘ಅವನು ಮಾಡಿದರೆ ನಾನೂ ಮಾಡುತ್ತೇನೆ’ ಎಂದು ಕಾಯುತ್ತೇವೆ. ಎದುರಿನವನ ಕಣ್ಣು ನೆಟ್ಟಗಿರುವವರೆಗೆ ಮಾತ್ರ ಅವನ ವಾಹನ ತನ್ನ ಬದಿಯಲ್ಲಿರುತ್ತದೆ. 60 ಕಿಲೋಮೀಟರ್ ವೇಗದ ಎರಡು ವಾಹನಗಳು ಎದುರುಬದುರಾಗಿ ಬಂದರೆ ನಡುವಣ ದೂರ ಪ್ರತಿ ಸೆಕೆಂಡಿಗೆ 33 ಮೀಟರ್‌ನಂತೆ ಕರಗುತ್ತದೆ. ಆ ಹೊತ್ತಿನಲ್ಲಿ ಅವನನ್ನು ಕುರುಡಾಗಿಸುವುದು ನಮ್ಮ ಮೇಲೆ ನಾವೇ ಒಂದು ಕುರುಡು ವಾಹನವನ್ನು ಕರೆದುಕೊಂಡಂತೆ. ಅವನು ತಗ್ಗಿಸದಿದ್ದರೂ ನಾವು ತಗ್ಗಿಸಬೇಕು. ಇಬ್ಬರಲ್ಲಿ ಒಬ್ಬನಾದರೂ ಕಾಣುವವನಾಗಿ ಉಳಿಯಲಿ. ಇಬ್ಬರೂ ಕುರುಡರಾದರೆ ಗಾಲಿಯ ಹತ್ತಿರ ಕುಳಿತ ಆ ಮೂರನೆಯವನಿಗೆ ದೇವರೇ ಗತಿ.

ಬೆಳಕು ತಗ್ಗುವ ಬಗೆಯನ್ನೂ ಹೇಳಿಬಿಡುತ್ತೇನೆ. ತರಗತಿಯಲ್ಲಿ ಬ್ಯಾಟರಿಯ ಮುಚ್ಚಳ ತಿರುಗಿಸಿ, ಬಲ್ಬು ಸ್ವಲ್ಪ ಹಿಂದೆ ಮುಂದೆ ಸರಿದರೆ ಬೆಳಕು ಕೂಡುವುದನ್ನೂ ಚದುರುವುದನ್ನೂ ತೋರಿಸುತ್ತಿದ್ದೆ. ಮುಂದೀಪದ ಒಳಗೆ ನಡೆಯುವುದೂ ಅದೇ ತತ್ತ್ವ. ಪ್ರತಿಫಲಕದ ಸಂಗಮಬಿಂದುವಿನಲ್ಲಿ ತಂತುವಿದ್ದರೆ ಕಿರಣಗಳು ಸಮಾನಾಂತರವಾಗಿ ದೂರಕ್ಕೆ ಹೋಗುತ್ತವೆ. ಹ್ಯಾಲೊಜನ್ ಬಲ್ಬಿನಲ್ಲಿ ಎರಡು ತಂತುಗಳಿರುತ್ತವೆ. ತಗ್ಗಿಸುವ ತಂತು ಸಂಗಮಬಿಂದುವಿನಿಂದ ತುಸು ಮುಂದಕ್ಕಿದ್ದು, ಅದರ ಕೆಳಗೆ ಸಣ್ಣ ಲೋಹದ ತಟ್ಟೆಯೊಂದು ಅಡ್ಡ ಇರುತ್ತದೆ. ಹಾಗಾಗಿ ಪ್ರತಿಫಲಕದ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬಿದ್ದು ಕಿರಣಗಳು ರಸ್ತೆಯ ಕಡೆಗೆ ಬಾಗುತ್ತವೆ. ಎಲ್ಲವೂ ಕೆಲವು ಮಿಲಿಮೀಟರುಗಳ ಲೆಕ್ಕ. ಇಂಥ ಬಲ್ಬಿಗೆಂದು ಮಾಡಿದ ಪ್ರತಿಫಲಕದೊಳಗೆ ಅಂಗಡಿಯಲ್ಲಿ ಸಿಕ್ಕಿದ ಎಲ್‌ಇಡಿ ಬಲ್ಬನ್ನು ತುರುಕಿದರೆ ಬೆಳಕಿನ ಮೂಲ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಬೆಳಕು ರಸ್ತೆಗೆ ಬೀಳುವ ಬದಲು ನಾಲ್ಕೂ ಕಡೆ ಚಿಮ್ಮುತ್ತದೆ. ಡಿಪ್ಪರ್ ಒತ್ತಿದರೂ ಆಗುವ ಪ್ರಯೋಜನ ಅಲ್ಪ. ತಾನು ತಗ್ಗಿಸಿದ್ದೇನೆಂದು ಸವಾರ ನಂಬಿರುತ್ತಾನೆ, ಎದುರಿನವನ ಕಣ್ಣಿಗೆ ಮಾತ್ರ ಬೆಳಕು ತಗ್ಗಿರುವುದಿಲ್ಲ.

ನಾನು ಚಿಕ್ಕವನಿದ್ದಾಗ ಬಸ್ಸು ಲಾರಿಗಳ ಮುಂದೀಪದ ಗಾಜಿಗೆ ಕರಿಯ ಬಣ್ಣ ಬಳಿದಿರುತ್ತಿದ್ದರು. ದೃಷ್ಟಿಯಾಗದಿರಲೆಂದು ಇಟ್ಟ ಬೊಟ್ಟೆಂದೇ ನಾವು ಹುಡುಗರು ತಿಳಿದಿದ್ದೆವು. ಎದುರಿನವನ ದೃಷ್ಟಿ ಕೆಡದಿರಲೆಂದು ಇಟ್ಟದ್ದೆಂಬುದು ಬಹಳ ತಡವಾಗಿ ಅರಿವಾಯಿತು. ಅದಕ್ಕೂ ಹಿಂದಿನದು ಚಕ್ಕಡಿಯ ಕಾಲ. ಜೋಳದ ಚೀಲ ಹೇರಿಕೊಂಡು ಸಂತೆಗೆ ಹೊರಟ ಚಕ್ಕಡಿಗಳ ಅಚ್ಚಿಗೆ ಒಂದು ಕಂದೀಲು ತೂಗುಬಿಟ್ಟಿರುತ್ತಿದ್ದರು. ದಾರಿ ಎತ್ತುಗಳಿಗೆ ಗೊತ್ತಿತ್ತು. ಕಂದೀಲು ಇದ್ದದ್ದು ಮುಖ್ಯವಾಗಿ ಇತರರಿಗಾಗಿ, ಇಲ್ಲೊಂದು ಗಾಡಿಯಿದೆ ಎಂದು ಹೇಳುವುದಕ್ಕಾಗಿ. ದೀಪಕ್ಕೆ ಎರಡು ಕೆಲಸವಿದೆ: ಕಾಣುವುದು, ಕಾಣಿಸಿಕೊಳ್ಳುವುದು. ಇಂದು ಮೊದಲನೆಯದಕ್ಕೆ ಸಾವಿರಾರು ರೂಪಾಯಿ ಸುರಿಯುತ್ತೇವೆ, ಎರಡನೆಯದಕ್ಕೆ ಟ್ರೇಲರಿನ ಹಿಂದೆ ಅಂಟಿಸಬೇಕಾದ ಕೆಂಪು ಪಟ್ಟಿಯನ್ನೂ ಮರೆಯುತ್ತೇವೆ.

ಕಾನೂನು ಸುಮ್ಮನೆ ಕುಳಿತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದಕ್ಕೆಂದೇ ಇದೆ. ದೀಪದಿಂದ 8 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣನ್ನು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕೆಂದು ಅದು ಹೇಳುತ್ತದೆ. 2024ರ ಜುಲೈ ತಿಂಗಳಿನಿಂದ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆಯನ್ನೂ ಆರಂಭಿಸಿದರು. ಒಳ್ಳೆಯ ಕೆಲಸ. ಆದರೆ ಕಬ್ಬಿನ ಹೊಲದ ನಡುವಿನ ಕತ್ತಲ ರಸ್ತೆಗೆ ಪ್ರತಿ ರಾತ್ರಿಯೂ ಪೊಲೀಸರು ಬಂದು ನಿಲ್ಲಲಾರರು. ಅಲ್ಲಿ ಡಿಪ್ಪರಿನ ಮೇಲಿರುವ ನಮ್ಮ ಎಡಗೈಯೇ ಕಾನೂನು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಗಂಟೆಗೆ ಹತ್ತೊಂಬತ್ತು ಜನ. ಅತಿ ಹೆಚ್ಚು ಅಪಘಾತಗಳು ದಾಖಲಾದದ್ದು ಸಂಜೆ 6ರಿಂದ 9ರ ನಡುವೆ. ದುಡಿದವರು ಮನೆಗೆ ಮರಳುವ, ದೀಪ ಹಚ್ಚುವ ಹೊತ್ತು ಅದು. ಇವುಗಳಲ್ಲಿ ಎಲ್ಲವೂ ಬೆಳಕಿನಿಂದಾದವಲ್ಲ. ವೇಗ, ಕುಡಿತ, ನಿದ್ರೆ, ಕೆಟ್ಟ ರಸ್ತೆ ಎಲ್ಲವೂ ಸೇರಿವೆ. ಅದೇ ವರ್ಷದ ಡಿಸೆಂಬರಿನಲ್ಲಿ ನನ್ನಿಂದ ಆ ಲೆಕ್ಕಕ್ಕೆ ಇನ್ನೊಂದು ಅಂಕಿ ಕೂಡದೆ ಉಳಿದದ್ದು ಶ್ರೀಮತಿಯ ಕಣ್ಣು ನನ್ನದಕ್ಕಿಂತ ಚೆನ್ನಾಗಿದ್ದುದರಿಂದ, ಅವಳು ಎದುರಿನ ದೀಪವನ್ನು ನೋಡದೆ ರಸ್ತೆಯ ಅಂಚನ್ನು ನೋಡುತ್ತಿದ್ದುದರಿಂದ.

ಅವಳು ತಿಳಿಯದೆ ಮಾಡಿದ್ದೇ ಸರಿಯಾದ ಕ್ರಮ. ಎದುರಿನ ಬೆಳಕನ್ನು ದಿಟ್ಟಿಸಬೇಡಿ. ದೃಷ್ಟಿಯನ್ನು ಎಡಕ್ಕೆ, ರಸ್ತೆಯ ಅಂಚಿನ ಬಿಳಿ ಗೆರೆಯ ಮೇಲೆ ಇಡಿ. ಗೆರೆಯಿಲ್ಲದಿದ್ದರೆ ಡಾಂಬರು ಮುಗಿದು ಮಣ್ಣು ಆರಂಭವಾಗುವ ಜಾಗವನ್ನು ನೋಡಿ. ಒಮ್ಮೆ ಡಿಪ್ಪರ್ ಹೊಡೆಯಿರಿ. ಅವನು ತಗ್ಗಿಸದಿದ್ದರೆ ಸಿಟ್ಟನ್ನು ನುಂಗಿ ವೇಗವನ್ನು ಇಳಿಸಿ. ನಿಮ್ಮ ದೀಪ ಎಷ್ಟು ದೂರ ಕಾಣಿಸುತ್ತದೆಯೋ ಅಷ್ಟರೊಳಗೆ ನಿಲ್ಲಿಸಲು ಬರುವಂಥ ವೇಗವೇ ರಾತ್ರಿಯ ವೇಗ. 60ರ ವೇಗದಲ್ಲಿ, ಒಣಗಿದ ಒಳ್ಳೆಯ ರಸ್ತೆಯಲ್ಲಿ, ಕಣ್ಣು ಕಂಡು ಕಾಲು ಒತ್ತಿ ವಾಹನ ನಿಲ್ಲುವಷ್ಟರಲ್ಲಿ ಸುಮಾರು 40 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲಿನ ದೂರ ನಾಲ್ಕು ಪಟ್ಟಾಗುತ್ತದೆಂಬುದನ್ನು ನಿಮ್ಮಿಂದ ಲೆಕ್ಕ ಮಾಡಿಸಿದ್ದೇನೆ. ಮುಂದೆ ಒಂದು ವಾಹನ ಹೋಗುತ್ತಿದ್ದರೆ ಆಗಲೂ ದೀಪ ತಗ್ಗಿಸಿ. ಅವನ ಕನ್ನಡಿಯಲ್ಲಿ ನಿಮ್ಮ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಹೊರಡುವ ಮುನ್ನ ಗಾಜು ಒರೆಸಿಕೊಳ್ಳಿ, ಕನ್ನಡಕವನ್ನೂ. ವಾಹನ ಕೆಟ್ಟು ನಿಂತರೆ ಬರಿಯ ಕಲ್ಲು ಸಾಲದು, ಬೆಳಕು ಬಿದ್ದರೆ ಹೊಳೆಯುವ ಕೆಂಪು ತ್ರಿಕೋನವಿರಲಿ, ಅದೂ ಸಾಕಷ್ಟು ಹಿಂದೆ. ಗಾಡಿ ಸರಿಯಾಗಿ ಹೊರಟಾಗ ಇಟ್ಟ ಕಲ್ಲುಗಳನ್ನು ತೆಗೆದು ಹೋಗಿ. ಗಾಡಿ ಹೋದ ಮೇಲೂ ಉಳಿಯುವ ಆ ಕಲ್ಲುಗಳಿಗೆ ಸಿಕ್ಕಿ ಬಿದ್ದ ಬೈಕಿನವರನ್ನು ನಾನು ಬಲ್ಲೆ.

ತಗ್ಗುಗಳ ಮಾತನ್ನು ನಾನು ಮರೆತಿಲ್ಲ. ರಸ್ತೆ ನೆಟ್ಟಗಿದ್ದರೆ, ಅಂಚಿನ ಗೆರೆ ಎದ್ದು ಕಾಣುವಂತಿದ್ದರೆ, ಅವನಿಗೆ ಅಷ್ಟು ಬೆಳಕು ಬೇಕಾಗುತ್ತಿರಲಿಲ್ಲ. ರಸ್ತೆ ಮಾಡಿಸುವ ಹುದ್ದೆಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಈ ಮಾತನ್ನು ತಮಗೆ ಹೇಳಿದ್ದೆಂದೇ ತಿಳಿಯಲಿ. ರಸ್ತೆ ಸರಿಯಾಗುವವರೆಗೆ ಎದುರಿನವನ ಕಣ್ಣು ಕಾಯಬೇಕಾದವರು ಮಾತ್ರ ನಾವೇ.

ಅಂದು ಹೊರಡುವಾಗ ಅವನು ಅಂಗಳದಲ್ಲಿ ನಿಂತು, “ಮ್ಯಾಲಿನ ಲೈಟಿಗೆ ಒಂದು ಸ್ವಿಚ್ ಹಾಕಸ್ತೀನ್ರಿ ಸರ, ಕೈಗೆ ಸಿಗೂವಲ್ಲೆ” ಎಂದ. ಹಾಕಿಸಿದನೋ ಇಲ್ಲವೋ ನಾನು ಹೋಗಿ ನೋಡಿಲ್ಲ. ಮುಂದಿನ ವಾರ ಅವನ ಎರಡೂ ಟ್ರೇಲರುಗಳ ಹಿಂದೆ ಕೆಂಪು ಪಟ್ಟಿ ಬಂದದ್ದನ್ನು ಮಾತ್ರ ಕಂಡೆ. ಜೋತ ಸೋಗೆಯನ್ನೂ ಕುಡುಗೋಲಿನಿಂದ ಸವರಿದ್ದ. ನನ್ನ ಕಣ್ಣಿನ ಶಸ್ತ್ರಚಿಕಿತ್ಸೆ 2023ರಲ್ಲಿ ಆಯಿತು. ಹಗಲು ಈಗ ಎಲ್ಲವೂ ನಿಚ್ಚಳ. ಆದರೂ ಕತ್ತಲಾದ ಮೇಲೆ ನಾನು ಕಾರಿನ ಕೀಲಿ ಮುಟ್ಟುವುದಿಲ್ಲ. ನಿಮ್ಮ ಮನೆಯ ಮಂಗಲಕಾರ್ಯಗಳಿಗೆ ಬಂದು ಬೇಗನೆ ಎದ್ದು ಹೊರಟರೆ, ಅಥವಾ ಅಲ್ಲಿಯೇ ಒಂದು ಚಾಪೆ ಕೇಳಿದರೆ, ಮೇಷ್ಟ್ರಿಗೆ ಬಿಂಕವೆಂದು ಭಾವಿಸಬೇಡಿ.

ಕೊನೆಯದಾಗಿ, ಆ ಹಳೆಯ ಪ್ರಶ್ನೆಗೆ ತಿದ್ದುಪಡಿ. ನಿಮ್ನ ದರ್ಪಣದ ಒಂದು ಉಪಯೋಗವನ್ನು ಬರೆಯಿರಿ. ಉತ್ತರ: ವಾಹನಗಳ ಮುಂದೀಪಗಳಲ್ಲಿ ಬಳಸುತ್ತಾರೆ, ಎದುರಿಗೆ ಯಾರಾದರೂ ಬಂದಾಗ ಅದನ್ನು ತಗ್ಗಿಸಬೇಕು. ನಾನು ಅಂಕ ಕೊಟ್ಟದ್ದು ಮೊದಲರ್ಧಕ್ಕೆ ಮಾತ್ರ. ಉಳಿದರ್ಧವನ್ನು ನಿಮಗೆ ಕಲಿಸದೆ ನಿವೃತ್ತನಾದೆ. ಆ ಬಾಕಿಯನ್ನು ಇಂದು ಇಲ್ಲಿ ತೀರಿಸಿದ್ದೇನೆ. ಇಂದು ರಾತ್ರಿ ಯಾವುದಾದರೂ ರಸ್ತೆಯಲ್ಲಿ ಎದುರಿನಿಂದ ಒಂದು ದೀಪ ಬಂದಾಗ ನಿಮ್ಮ ಎಡಗೈ ಹೆಬ್ಬೆರಳು ತಾನಾಗಿ ಡಿಪ್ಪರಿನ ಕಡೆಗೆ ಹೋದರೆ ಪೂರ್ಣ ಅಂಕ.